ಉತ್ತರ ಕನ್ನಡದ ಮಳೆಯೂ ಮಲೆಯೂ

ಬಯಲುಸೀಮೆಯ ಪಟ್ಟಣಗಳಲ್ಲಿ ವಾಸಿಸುವ ನಾವು ಮಳೆಯನ್ನು ಅಪರೂಪದ ಅತಿಥಿಯಂತೆ ಇದಿರುನೋಡುತ್ತೇವೆ. ಉತ್ತರ ಕನ್ನಡದಲ್ಲಾದರೋ ಅದು ಮನೆಯ ಯಜಮಾನನೇ ಸರಿ. ಕಾರವಾರ, ಹೊನ್ನಾವರಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅದೇ ಜಿಲ್ಲೆಯ ಮೂಡಣ ಅಂಚಿನ ಹಳಿಯಾಳ, ಮುಂಡಗೋಡುಗಳಲ್ಲಿ ಅದರ ಅರ್ಧವೂ ಇಲ್ಲ. ಸುಮಾರು 100 ಕಿಲೋಮೀಟರುಗಳ ಅಂತರದಲ್ಲಿ ಇಷ್ಟು ಭೇದವೇಕೆಂಬುದನ್ನು ವಿಚಾರಮಾಡೋಣ.

ಜೂನ್ ಮೊದಲಾಗಿ ನೈಋತ್ಯ ದಿಕ್ಕಿನಿಂದ ಬೀಸುವ ಗಾಳಿಯು ಅರಬ್ಬೀ ಸಮುದ್ರದ ಆವಿಯನ್ನು ಹೊತ್ತು ತರುತ್ತದೆ. ಕಡಲಿಗೆ ಸಮೀಪದಲ್ಲಿಯೇ ನಿಂತಿರುವ ಸಹ್ಯಾದ್ರಿಯು ಅದನ್ನು ತಡೆಯುವುದರಿಂದ ಗಾಳಿಯು ಮೇಲಕ್ಕೇರಲೇಬೇಕು. ಮೇಲೆ ಒತ್ತಡ ಕಡಮೆ. ಆದಕಾರಣ ಗಾಳಿಯು ಹಿಗ್ಗಿ ತಣಿಯುತ್ತದೆ, ಆವಿಯು ಹನಿಗಟ್ಟುತ್ತದೆ. ಘಟ್ಟವನ್ನು ದಾಟಿ ಮೂಡಲಿಗೆ ಇಳಿಯುವಾಗ ಗಾಳಿಯು ಮತ್ತೆ ಬಿಸಿಯೇರಿ ಒಣಗುತ್ತದೆ.

ಹೀಗೆ ಬಿದ್ದ ನೀರನ್ನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಕಡಲಿಗೆ ಒಯ್ಯುತ್ತವೆ. ಆದರೆ ಮಳೆಯು ನಾಲ್ಕು ತಿಂಗಳದು, ಬಾಯಾರಿಕೆ ವರ್ಷದ್ದು. ಕಾಡಿನ ತರಗೆಲೆಯೂ ಬೇರುಗಳೂ ನೀರಿನ ಓಟವನ್ನು ತಡೆದು ನೆಲದೊಳಕ್ಕೆ ಇಳಿಸುವುದರಿಂದಲೇ ಬೇಸಗೆಯಲ್ಲಿಯೂ ಹಳ್ಳಗಳು ಜಿನುಗುತ್ತವೆ. ಅಡಕೆಯ ತೋಟಗಳು ಉಳಿಯುತ್ತವೆ. ತೋಟಕ್ಕೆ ಗೊಬ್ಬರವೊದಗಿಸುವ ಸೊಪ್ಪಿನ ಬೆಟ್ಟವೂ ಈ ಕಾಡಿನದೇ.

ನದಿಯು ಕಡಲನ್ನು ಸೇರುವೆಡೆ ಇನ್ನೊಂದು ವಿಶೇಷವುಂಟು. ದೊಡ್ಡ ಅಣೆಕಟ್ಟೆಯಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಮಳೆಗಾಲಕ್ಕೆ ಸಿಹಿನೀರು, ಬೇಸಗೆಗೆ ಭರತದೊಡನೆ ಉಪ್ಪುನೀರು. ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪನ್ನೂ ನಿಂತ ನೀರನ್ನೂ ತಾಳಿಕೊಳ್ಳುವ ಕಗ್ಗವೆಂಬ ಭತ್ತವನ್ನು ರೈತರು ಬೆಳೆಯುತ್ತ ಬಂದಿದ್ದಾರೆ.

ಈ ವ್ಯವಸ್ಥೆಯ ಒಂದು ಕೊಂಡಿ ಕಳಚಿದರೆ ಏನಾದೀತೆಂಬುದನ್ನು ಊಹಿಸಬೇಕಾದುದಿಲ್ಲ. ನೀರು ಕುಡಿದು ಭಾರವಾದ ಇಳಿಜಾರಿನ ಮಣ್ಣಿಗೆ ಬುಡವೇ ಆಧಾರ. ದಾರಿಗಾಗಿ ಬುಡವನ್ನು ಕಡಿದರೆ ಆ ಆಧಾರ ಕುಂದುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಭಾರಿ ಮಳೆಗೆ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಜಾರಿತು. ಹಲವರು ಪ್ರಾಣ ತೆತ್ತರು. ಶಿರಸಿಯ ಸಾಲ್ಕಣಿಯ ಗ್ರಾಮಸ್ಥರು 1983ರಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದಾಗ ಕಾಪಾಡಲೆಳಸಿದುದು ಮರವನ್ನಷ್ಟೇ ಅಲ್ಲ, ಅದರ ಬುಡದ ಮಣ್ಣನ್ನೂ ನೀರನ್ನೂ ಎಂಬುದನ್ನು ನಾವು ಈಗಲಾದರೂ ತಿಳಿಯುವುದು ಒಳ್ಳೆಯದು.