ಹುಲ್ಲಟ್ಟದಲ್ಲಿ ಕಂಡ ಕಪ್ಪು ಪಟ್ಟೆಗಳು

ಮೈಸೂರಿನ ಮಂಡಿ ಮೊಹಲ್ಲಾ ಮಗ್ಗುಲಿನ ಕೆ.ಆರ್. ಆಸ್ಪತ್ರೆಗೆ ಸುತ್ತಲ ಹಳ್ಳಿಗಳಿಂದ ಹಾವು ಕಚ್ಚಿದವರನ್ನು ಹೊತ್ತು ತರುವುದು ಹಳೆಯ ರೂಢಿ. ಕೊಳಕುಮಂಡಲ ಕಚ್ಚಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಬಗ್ಗಿಸಿದರೂ ಸಲೀಸಾಗಿ ಹರಿಯುತ್ತದೆ. ಪ್ಲೇಟ್‌ಲೆಟ್‌ಗಳೂ ಕುಸಿಯುತ್ತವೆ.

ಅವು ಕುಸಿಯುವುದೇಕೆಂದು ಬೆನ್ನುಹತ್ತಿದವರು ಇದೇ ಊರಿನ ಮಾನಸಗಂಗೋತ್ರಿಯಲ್ಲಿದ್ದರು. ಜೀವರಸಾಯನ ವಿಭಾಗದ ಕೆ. ಕೆಂಪರಾಜು, ಕೆ.ಎಸ್. ಗಿರೀಶ್ ಮತ್ತು ಸಂಗಡಿಗರು 2013ರಲ್ಲಿ ಬರೆದ ಪ್ರಬಂಧದ ಪ್ರಕಾರ, ವಿಷ ತಾಗಿದ ಪ್ಲೇಟ್‌ಲೆಟ್ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಕೇಸರಿಯ ಕ್ರೋಸಿನ್ ಅದನ್ನು ತಡೆಯಬಲ್ಲದು. ಆ ಸಾವಿನ ಒಂದು ಗುರುತು, ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್ ಸಿ ಎಂಬ ಪುಟ್ಟ ಪ್ರೋಟೀನು ಹೊರಗೆ ಸೋರುವುದು. ಈ ಸೋರಿಕೆಯನ್ನು ಪ್ರಯೋಗಾಲಯದಲ್ಲಿ ಹಿಡಿದು ತೋರಿಸಲು, ಆ ಪ್ರೋಟೀನನ್ನೇ ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯ ಬೇಕು.

ಈ ಪುಟ್ಟ ಪ್ರೋಟೀನಿನ ಜಾಡು ಹಿಡಿದು ಹಿಂದಕ್ಕೆ ಹೋದರೆ ಹೊಟ್ಟೆ ಉರಿಸುವ ಒಂದು ಅನ್ಯಾಯ ಎದುರಾಗುತ್ತದೆ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಚಾರ್ಲ್ಸ್ ಮ್ಯಾಕ್‌ಮನ್ ಎಂಬ ವೈದ್ಯರಿದ್ದರು. ಮನೆ ಹಿಂದಿನ ಕುದುರೆ ಲಾಯದ ಮೇಲಿನ ಹುಲ್ಲಟ್ಟವೇ ಅವರ ಪ್ರಯೋಗಾಲಯ. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಅಲ್ಲಿಗೆ ಹತ್ತಿ, ಪ್ರಾಣಿಗಳ ಸ್ನಾಯುವಿನ ತೆಳು ಚೂರುಗಳನ್ನು ರೋಹಿತದರ್ಶಕದಲ್ಲಿ ನೋಡುತ್ತಿದ್ದರು. ಬಣ್ಣಗಳ ಸಾಲಿನ ನಡುವೆ ಕಪ್ಪು ಪಟ್ಟೆಗಳು ಕಂಡವು. ಇವು ರಕ್ತದವಲ್ಲ, ಜೀವಕೋಶದ್ದೇ ಆದ ವರ್ಣದ್ರವ್ಯದವು, ಅದಕ್ಕೂ ಉಸಿರಾಟಕ್ಕೂ ನಂಟಿದೆ ಎಂದು 1884ರಿಂದಲೇ ಬರೆದರು. ಹಿಮೊಗ್ಲೋಬಿನ್‌ಗೆ ಹೆಸರಿಟ್ಟ ಜರ್ಮನಿಯ ಫೆಲಿಕ್ಸ್ ಹೋಪೆ-ಸೈಲರ್ ಒಪ್ಪಲಿಲ್ಲ. 1890ರಲ್ಲಿ, ತಾವೇ ಸಂಪಾದಕರಾಗಿದ್ದ ಪತ್ರಿಕೆಯಲ್ಲಿ, ಮ್ಯಾಕ್‌ಮನ್ ಉತ್ತರದ ಕೆಳಗೆ ಇನ್ನು ಈ ಚರ್ಚೆ ಅನಗತ್ಯವೆಂದು ಷರಾ ಹಾಕಿ ಬಾಗಿಲು ಮುಚ್ಚಿದರು. ಎದುರಾಳಿಯೇ ತೀರ್ಪುಗಾರನಾದರೆ ಇನ್ನಾರ ಬಳಿ ಹೇಳಿಕೊಳ್ಳುವುದು! ಮ್ಯಾಕ್‌ಮನ್ 1911ರಲ್ಲಿ ತೀರಿಕೊಂಡರು. 1925ರಲ್ಲಿ ಕೇಂಬ್ರಿಜ್‌ನ ಡೇವಿಡ್ ಕೀಲಿನ್ ಅವೇ ಪಟ್ಟೆಗಳನ್ನು ಮತ್ತೆ ಕಂಡು, ಸೈಟೊಕ್ರೋಮ್ ಎಂದು ಹೆಸರಿಟ್ಟು, ಮೊದಲು ಕಂಡವರು ಯಾರೆಂದು ಧಾರಾಳವಾಗಿ ಹೇಳಿದರು. ಆ ದೊಡ್ಡತನಕ್ಕೆ ಕೈಮುಗಿಯಬೇಕು.

ಮುಂದೆ ದಶಕಗಳ ಕಾಲ ಸೈಟೊಕ್ರೋಮ್ ಸಿ ಉಸಿರಾಟದ ಪ್ರೋಟೀನು ಮಾತ್ರ. 1996ರಲ್ಲಿ ಶಿಯಾಡಾಂಗ್ ವಾಂಗ್ ತಂಡ, ಜೀವಕೋಶದ ಆತ್ಮಹತ್ಯೆಗೂ ಅದೇ ಚಾಲನೆ ಕೊಡುತ್ತದೆಂದು ತೋರಿಸಿದಾಗ ಎಲ್ಲರೂ ಬೆರಗಾದರು. ಆ ಪ್ರಬಂಧದ ಲೇಖಕರಲ್ಲಿ ಮಿನೆಸೋಟದ ರೊನಾಲ್ಡ್ ಜೆಮರ್‌ಸನ್ ಕೂಡ ಒಬ್ಬರು. ಸೈಟೊಕ್ರೋಮ್ ಸಿ ವಿರುದ್ಧ ಅವರು ಮೊದಲೇ ಪ್ರತಿಕಾಯಗಳನ್ನು ತಯಾರಿಸಿಕೊಂಡಿದ್ದರು. ಸಾವಿನ ಯೋಚನೆ ಆಗ ಇರಲಿಲ್ಲ; ಪ್ರತಿಕಾಯ ತನ್ನ ಗುರಿಯನ್ನು ಗುರುತಿಸುವುದು ಹೇಗೆಂಬುದಷ್ಟೇ ಪ್ರಶ್ನೆ. ಅವುಗಳಲ್ಲಿ ಒಂದು, ಮಡಿಕೆ ಬಿಚ್ಚಿಹೋದ ಪ್ರೋಟೀನನ್ನು ಹಿಡಿಯುತ್ತದೆ; ಬೇರ್ಪಡಿಸಿದ ಪ್ರೋಟೀನುಗಳನ್ನು ಅಂಟಿಸುವ ಬ್ಲಾಟ್ ಪಟಲದ ಮೇಲೆ ತೆಳು ಗೆರೆಯಾಗಿ ಮೂಡಿಸುವುದಕ್ಕೆ ಅದು. ಇನ್ನೊಂದು ಸಹಜ ರೂಪದ್ದನ್ನೇ ಹಿಡಿಯುತ್ತದೆ; ಸೂಕ್ಷ್ಮದರ್ಶಕದಡಿ ಜೀವಕೋಶದಲ್ಲೇ ಅದನ್ನು ನೋಡುವುದಕ್ಕೆ ಇದು.