ಸಭೆಯ ಲೆಕ್ಕ ಸರಿ, ಕೂಸಿನ ಲೆಕ್ಕ ಎಲ್ಲಿ?

ಅಂಗಡಿ ಬಾಗಿಲು ದಿನಾ ತೆಗೆದರೆ ಸಾಲದು. ಸಂಜೆ ಗಲ್ಲಾ ಎಣಿಸಿದಾಗಲೇ ವ್ಯಾಪಾರ ಆಯಿತೋ ಇಲ್ಲವೋ ಗೊತ್ತಾಗುವುದು. ಇದನ್ನು ಯಾವ ಕಿರಾಣಿ ಅಂಗಡಿಯವರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಹಳ್ಳಿಯ ಆರೋಗ್ಯ ಸಮಿತಿಗಳ ಮಾತು ಬಂದಾಗ ಮಾತ್ರ ಬಾಗಿಲು ತೆಗೆದದ್ದನ್ನೇ ಲಾಭ ಅಂತ ಬರೆದುಕೊಂಡುಬಿಡುತ್ತಾರೆ! ಇಷ್ಟು ಸಭೆ, ಇಷ್ಟು ಸಹಿ, ಇಷ್ಟು ಖರ್ಚು. ಮುಗಿಯಿತು ವರದಿ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಊರಿಗೊಂದು ಸಮಿತಿ, ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ನಿಧಿ ಎಂದು ತೀರ್ಮಾನವಾಯಿತು. ಜನ ಕೈಗೂಡಿಸಿದರೆ ಆಸ್ಪತ್ರೆ ಸುಧಾರಿಸುತ್ತದೆ ಎಂಬುದು ಎಣಿಕೆ. ಸುಧಾರಿಸಿತೇ ಎಂದು ನೋಡುವವರು ಯಾರು?

ಹಸಿರು, ಹಳದಿ, ಕೆಂಪು

ಜನರೇ ನೋಡಲಿ ಎಂದು 2007ರಿಂದ 2009ರವರೆಗೆ ಒಂಬತ್ತು ರಾಜ್ಯಗಳಲ್ಲಿ ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ತುಮಕೂರು, ರಾಯಚೂರು, ಗದಗ, ಚಾಮರಾಜನಗರ ಜಿಲ್ಲೆಗಳ ಆಯ್ದ ಹಳ್ಳಿಗಳು ಅದಕ್ಕೆ ಸೇರಿದವು. ನರ್ಸಮ್ಮ ಊರಿಗೆ ಬರುತ್ತಾರಾ? ಔಷಧಿ ಸಿಗುತ್ತದಾ? ದುಡ್ಡು ಕೇಳುತ್ತಾರಾ? ಜನರ ಉತ್ತರಕ್ಕೆ ಅಂಕ ಹಾಕಿದರು. ನೂರಕ್ಕೆ 75 ದಾಟಿದರೆ ಹಸಿರು, 50ರಿಂದ 74 ಬಂದರೆ ಹಳದಿ, ಅದಕ್ಕಿಂತ ಕೆಳಗಿದ್ದರೆ ಕೆಂಪು. ಓದು ಬಾರದ ಅಜ್ಜಿಗೂ ಕೆಂಪು ಅಂದರೆ ಏನಂತ ಗೊತ್ತು. ಆ ಪಟ್ಟಿ ಹಿಡಿದು ಜನಸಂವಾದದಲ್ಲಿ ಅಧಿಕಾರಿಗಳನ್ನೇ ಕೇಳುವ ವ್ಯವಸ್ಥೆಯೂ ಇತ್ತು.

ಒಳ್ಳೆಯದೇ. ಆದರೂ ಒಂದು ತಕರಾರು ಉಳಿಯಿತು. ಕೆಂಪು ಹಸಿರಾದರೆ ಸೇವೆ ಸುಧಾರಿಸಿತು ಎನ್ನಬಹುದು. ಸಾವು ತಗ್ಗಿತು ಎನ್ನಲಾಗದು. ತಗ್ಗಿದ್ದರೂ ಅದು ಸಮಿತಿಯ ಪುಣ್ಯವೋ, 2008ರಲ್ಲಿ ಬಂದ 108 ಆಂಬುಲೆನ್ಸಿನ ಪುಣ್ಯವೋ?

ತಕ್ಕಡಿಗೆ ಎರಡು ತಟ್ಟೆ

ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ 2005ರಿಂದ 2008ರವರೆಗೆ ಇದನ್ನು ತೂಗಿಯೇ ನೋಡಿದರು. 36 ಪ್ರದೇಶಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನಲ್ಲಿ ಹೆಂಗಸರು ತಿಂಗಳಿಗೊಮ್ಮೆ ಸೇರಿ, ಚಿತ್ರ ನೋಡಿ, ಕತೆ ಹೇಳಿ, ಬಾಣಂತಿ-ಕೂಸಿನ ಕಷ್ಟ ಚರ್ಚಿಸಿದರು. ಇನ್ನೊಂದರಲ್ಲಿ ಆ ಗುಂಪುಗಳಿಲ್ಲ. ಫಲ? ಗುಂಪು ಇದ್ದ ಕಡೆ ಹುಟ್ಟಿದ ತಿಂಗಳೊಳಗೆ ಸಾಯುವ ಶಿಶುಗಳ ಪ್ರಮಾಣ ಶೇ. 32ರಷ್ಟು ಕಡಿಮೆ! ಆಸ್ಪತ್ರೆಗೆ ಹೋಗುವವರೇನೂ ಹೇಳುವಷ್ಟು ಹೆಚ್ಚಲಿಲ್ಲ. ಮನೆ ಹೆರಿಗೆಯಲ್ಲಿ ಕೈ ತೊಳೆಯುವುದು, ಹೊಕ್ಕುಳ ಕಟ್ಟುವ ದಾರ ಕುದಿಸುವುದು ಹೆಚ್ಚಿತು.

ಇಂಥದೇ ಗುಂಪು ಬಾಂಗ್ಲಾದೇಶದಲ್ಲಿ ಮೊದಲ ಸಲ ಫಲ ಕೊಡಲಿಲ್ಲ. ಭಾರತದಲ್ಲಿ 468 ಜನಕ್ಕೊಂದು ಗುಂಪು ಇದ್ದರೆ, ಅಲ್ಲಿ 1,414 ಜನಕ್ಕೊಂದು. ಗುಂಪು ಹೆಚ್ಚಿಸಿ ಮತ್ತೆ ನೋಡಿದಾಗ ಅಲ್ಲೂ ಸಾವು ಇಳಿಯಿತು. ಅಳೆದಿದ್ದಕ್ಕೇ ತಪ್ಪು ಸಿಕ್ಕಿತು, ತಿದ್ದಲೂ ಆಯಿತು.

ಹಾಗಾದರೆ ಊರ ಸಮಿತಿಯ ಪುಸ್ತಕದಲ್ಲಿ ಸಹಿಗಳ ಪಕ್ಕ ಇನ್ನೂ ಎರಡು ಸಾಲು ಬೇಡವೇ? ಈ ವರ್ಷ ಊರಲ್ಲಿ ಎಷ್ಟು ಕೂಸು ಹುಟ್ಟಿದವು, ಎಷ್ಟು ಉಳಿದವು? ಪಕ್ಕದ ಊರಿನ ಲೆಕ್ಕ ಏನು? ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಪೆನ್ನು, ಕೇಳುವ ಧೈರ್ಯ ಸಾಕು.

ಸಂಬಂಧಪಟ್ಟವರು ಗಮನಿಸುವರೇ? ಅಲ್ಲ, ಸಂಬಂಧಪಟ್ಟವರು ಅಂದರೆ ಊರಿನವರೇ ಅಲ್ಲವೇ?