ನಿಮಗಿದು ಗೊತ್ತೆ? ‘ಚೆಕ್’ ಹಿಂದೊಬ್ಬ ರಾಜ!

ಟೈರಿನ ಗಾಳಿ, ಬಿ.ಪಿ., ಮೊಬೈಲ್ ಮೆಸೇಜು, ಅಡುಗೆ ಅನಿಲದ ಬುಕಿಂಗು – ಬೆಳಗಾದರೆ ಏನನ್ನಾದರೂ ‘ಚೆಕ್’ ಮಾಡುತ್ತಲೇ ಇರುತ್ತೇವೆ. ಈ ಇಂಗ್ಲಿಷ್ ಕ್ರಿಯಾಪದದ ಬೇರು ಇರುವುದು ಚದುರಂಗದಲ್ಲಿ.

• ಪರ್ಷಿಯನ್ ಭಾಷೆಯಲ್ಲಿ ‘ಶಾಹ್’ ಎಂದರೆ ರಾಜ. ಎದುರಾಳಿಯ ರಾಜನ ಮೇಲೆ ದಾಳಿಯಿಟ್ಟಾಗ ಹೀಗೆ ಕೂಗಿ ಎಚ್ಚರಿಸುತ್ತಿದ್ದರು. ಅರಬ್ಬಿ, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ‘ಚೆಕ್’ ಆಗಿತ್ತು. ‘ಶಾಹ್ ಮಾತ್’ ಆದದ್ದು ‘ಚೆಕ್‌ಮೇಟ್’.

• ಚೆಕ್ ಬಿದ್ದ ಆಟಗಾರ ತನ್ನ ಯೋಜನೆಯನ್ನೆಲ್ಲ ಬದಿಗಿಟ್ಟು ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಹೀಗಾಗಿ ‘ತಡೆ’, ‘ಹಿಡಿತದಲ್ಲಿಡು’ ಎಂಬ ಅರ್ಥಗಳು ಬಂದವು. ಹಳ್ಳದ ನೀರಿನ ಓಟ ತಗ್ಗಿಸುವ ಚೆಕ್ ಡ್ಯಾಂನಲ್ಲಿರುವುದು ಇದೇ ಅರ್ಥ. ‘ತಾಳೆ ನೋಡು’, ‘ಪರಿಶೀಲಿಸು’ ಸೇರಿಕೊಂಡದ್ದು ಆಮೇಲೆ. ಚೆಕ್‌ಪೋಸ್ಟಿನಲ್ಲಂತೂ ಎರಡೂ ಉಂಟು: ವಾಹನ ತಡೆಯುತ್ತಾರೆ, ತಪಾಸಣೆಯನ್ನೂ ಮಾಡುತ್ತಾರೆ.

• 12ನೇ ಶತಮಾನದ ಇಂಗ್ಲೆಂಡಿನ ರಾಜಖಜಾನೆಯಲ್ಲಿ ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜಿಗೆ ಗೆರೆ ಎಳೆದ ಕಪ್ಪು ಬಟ್ಟೆ ಹಾಸಿ, ಅದರ ಮೇಲೆ ಬಿಲ್ಲೆಗಳನ್ನಿಟ್ಟು ಲೆಕ್ಕ ಹಾಕುತ್ತಿದ್ದರು. ನೋಡಲು ಥೇಟ್ ಚದುರಂಗದ ಹಾಸು! ಅದರಿಂದಲೇ ಖಜಾನೆಗೆ ‘ಎಕ್ಸ್‌ಚೆಕರ್’ ಎಂಬ ಹೆಸರು ಬಂತು. ಬ್ರಿಟನ್ನಿನ ಹಣಕಾಸು ಸಚಿವರು ಇಂದಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’.

• ಚೌಕುಳಿ ಅಂಗಿ ‘ಚೆಕ್ಸ್ ಶರ್ಟ್’ ಆಗಿದ್ದೂ ಇದೇ ಹಾಸಿನ ನಂಟಿನಿಂದ.

• ಬ್ಯಾಂಕಿನ ಚೆಕ್ ಕೂಡ ಇದೇ ಮನೆತನದ್ದು. ಭಾರತ, ಬ್ರಿಟನ್ನಿನಲ್ಲಿ ಅದರ ಸ್ಪೆಲ್ಲಿಂಗ್ ಬೇರೆ. ಅಮೆರಿಕದಲ್ಲಿ ಎರಡಕ್ಕೂ ಒಂದೇ. ಅಲ್ಲಿನ ರೆಸ್ಟೊರೆಂಟಿನಲ್ಲಿ ‘ಚೆಕ್ ಪ್ಲೀಸ್’ ಎಂದರೆ ಮಾಣಿ ತಂದಿಡುವುದು ಬಿಲ್ಲನ್ನು!